ಗಾಜು ಗಟ್ಟಿ ಇದೆ, ಸಂದು ನೋಡಿದ್ದೀರಾ?

ಪ್ರಶ್ನೆ: ನಾವು ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ಇರೋದು. ಪರಿಚಯದವರ ಮನಿಯಾಗ 3 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರದ ಹಳೇ ಅಕ್ವೇರಿಯಂ ಐತಿ. ಕಬ್ಬಿಣದ ಸ್ಟ್ಯಾಂಡ್, ಮುಚ್ಚಳ, ಫಿಲ್ಟರ್, ಹೀಟರ್, ಎರಡು ಚೀಲ ಬಣ್ಣದ ಹಳ್ಳು ಎಲ್ಲಾ ಸೇರಿ 2,500 ರೂಪಾಯಿ ಅಂತಾರ. ಒಂದು ವರ್ಷದಿಂದ ಮಾಳಗಿ ಮ್ಯಾಲೆ ಒಣಗಿ ಬಿದ್ದೈತಿ. ಒಳಗ ಬಿಳಿ ಕಲೆ, ಒಂದು ಮೂಲ್ಯಾಗ ಅಂಟು ಎದ್ದೈತಿ. ಅವರು ಬಿಟ್ಟ ಮೀನು ಹದಿನೈದು ದಿನದಾಗ ಒಂದೊಂದ ಸತ್ತುವಂತ. ಆ ತೊಟ್ಟಿಗೇ ದೋಷ ಐತಿ, ಬ್ಯಾಡ ಅಂತಾರ ನಮ್ಮ ಅತ್ತಿ. ಅಂಗಡಿಯವರು ನೀಲಿ ಔಷಧ ಹಾಕಿ ಮರುದಿನಾನ ಮೀನು ಬಿಡ್ರಿ ಅಂತಾರ. ಮಗಳಿಗೆ ಗೋಲ್ಡ್‌ಫಿಶ್ ಬೇಕಂತ. ಒಟ್ಟು 5,000ದಾಗ ಮುಗೀಬೇಕು. ನಳದ ನೀರು ದಿನಾ ಬರೂದಿಲ್ಲ, ಬೋರ್ ಐತಿ. ತಗೋಬೇಕೋ ಬ್ಯಾಡೋ? ಸಂಪಿನಾಗ ಬಿಟ್ಟಿರೋ ಒಂದು ಸಕ್ಕರ್ ಮೀನನ್ನೂ ಪುಕ್ಕಟೆ ಕೊಡ್ತಾರಂತ.

ಉತ್ತರ: ತೊಟ್ಟಿ ತರಬಹುದು. ಆದರೆ 2,500ಕ್ಕಲ್ಲ, ನೀರು ತುಂಬಿ ನೋಡದೆಯೂ ಅಲ್ಲ. ನಿಮಗಿರುವ ಅಂಜಿಕೆ ಎರಡು: ತೊಟ್ಟಿ ಸೋರಿದರೆ ಏನು ಗತಿ, ಮೀನು ಮತ್ತೆ ಸತ್ತರೆ ಏನು ಗತಿ. ಸೋರುವುದು ಎರಡು ದಿನದಲ್ಲಿ ಗೊತ್ತಾಗುತ್ತದೆ, ಬಹಳ ಸಲ ರಿಪೇರಿಯೂ ಆಗುತ್ತದೆ. ಮೀನು ಸಾಯುವುದಕ್ಕೆ ಮಾತ್ರ ದುಡ್ಡಿನಿಂದ ಪರಿಹಾರವಿಲ್ಲ. ಅಲ್ಲಿ ಬೇಕಾದದ್ದು ಒಂದು ತಿಂಗಳ ತಾಳ್ಮೆ.

ಮೊದಲು ಅತ್ತೆಯವರ ಮಾತಿಗೆ ಬರೋಣ. ಅವರು ಕಂಡದ್ದು ಸರಿ, ಹುಡುಕಿದ ಕಾರಣ ಬೇರೆ. ಮೀನು ಬಿಟ್ಟ ದಿನವೇ ಎಲ್ಲವೂ ಸತ್ತಿದ್ದರೆ ಕ್ಲೋರಿನ್ ಅಥವಾ ಯಾವುದಾದರೂ ವಿಷ ಎನ್ನಬಹುದಿತ್ತು. ಹದಿನೈದು ದಿನದಲ್ಲಿ ಒಂದೊಂದೇ ಸತ್ತವು ಎಂದರೆ ಅದು ಹೊಸ ತೊಟ್ಟಿಯ ಕಾಯಿಲೆಯ ಲಕ್ಷಣ. ಮೀನು ಕಿವಿರಿನ ಮೂಲಕ ಹಗಲೂ ರಾತ್ರಿಯೂ ಅಮೋನಿಯಾ ಬಿಡುತ್ತಿರುತ್ತದೆ. ತಿನ್ನದೆ ಉಳಿದ ತಿಂಡಿ ಕೊಳೆತರೂ ಅದೇ ಅಮೋನಿಯಾ. ಮೀನಿದ್ದು ಪಳಗಿದ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ. ಕೊನೆಯದು ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ತೊಂದರೆ ಕೊಡುವುದಿಲ್ಲ. ಹೊಸದಾಗಿ ಹೂಡಿದ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೇಕಾದಷ್ಟು ಬೆಳೆಯಲು 4ರಿಂದ 6 ವಾರ ಹಿಡಿಯುತ್ತದೆ. ಅಷ್ಟರೊಳಗೆ ಹತ್ತು ಮೀನು ತಂದು ಬಿಟ್ಟರೆ ಮೊದಲ ವಾರ ಅಮೋನಿಯಾ, ಎರಡನೆಯ ಮೂರನೆಯ ವಾರ ನೈಟ್ರೈಟ್ ಅವುಗಳನ್ನು ತೆಗೆದುಕೊಂಡು ಹೋಗುತ್ತದೆ. ನೀರು ಮಾತ್ರ ನೋಡಲು ತಿಳಿಯಾಗಿಯೇ ಇರುತ್ತದೆ, ವಾಸನೆಯೂ ಬರುವುದಿಲ್ಲ. ಹಾಗಾಗಿ ಪಾಪ, ತೊಟ್ಟಿಯ ಮೇಲೆ ಅಪವಾದ.

ಬೋರಿನ ನೀರಿನಲ್ಲಿ ಇದು ಇನ್ನೂ ಬಿಗಿ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ಶೇ 1ಕ್ಕಿಂತ ಕಡಿಮೆ ಭಾಗ ವಿಷದ ರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಸುಮಾರು ಶೇ 5ರಷ್ಟು ಆ ರೂಪಕ್ಕೆ ಬರುತ್ತದೆ. ನಮ್ಮ ಎರೆಭೂಮಿಯ ಬೋರುಗಳು ಸುಣ್ಣದ ಹರಳಿನ ನೆಲದಿಂದ ಬರುವಂಥವು, ಪಿಎಚ್ ಮೇಲೆಯೇ ಇರುತ್ತದೆ. ನಿಮ್ಮ ತೊಟ್ಟಿಯ ಬಿಳಿ ಕಲೆಯೂ ಅದೇ ಸುಣ್ಣ.

ಇನ್ನು ನೀಲಿ ಔಷಧ. ಅದು ಮಿಥಿಲೀನ್ ಬ್ಲೂ. ಶಿಲೀಂಧ್ರ ಹತ್ತಿದ ಮೀನನ್ನು ಬೇರೆ ಬಕೆಟ್‌ನಲ್ಲಿಟ್ಟು ಉಪಚರಿಸಲು ಒಳ್ಳೆಯದು. ತೊಟ್ಟಿಗೇ ಸುರಿದರೆ ನೀವು ಬೆಳೆಸಬೇಕಾದ ಬ್ಯಾಕ್ಟೀರಿಯಾಕ್ಕೇ ಪೆಟ್ಟು. ಸಂದಿನ ಅಂಟೂ ನೀಲಿಗಟ್ಟುತ್ತದೆ, ಅದು ಹೋಗುವುದಿಲ್ಲ. ಮೀನಿರುವ ಬೇರೆ ತೊಟ್ಟಿಯ ನೀರನ್ನು ಕೊಡಪಾನದಲ್ಲಿ ತಂದು ಹಾಕಿದರೆ ಸಾಕು ಎನ್ನುವವರೂ ಇದ್ದಾರೆ. ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡಿರುವುದು ಬಹಳ ಕಡಿಮೆ. ಅದು ಫಿಲ್ಟರಿನ ಸ್ಪಂಜಿಗೆ, ಉಸುಕಿಗೆ, ಗಾಜಿಗೆ ಅಂಟಿಕೊಂಡು ಬದುಕುತ್ತದೆ. ತರುವುದಿದ್ದರೆ ಮೀನು ಚೆನ್ನಾಗಿರುವ ಮನೆಯಿಂದ ಬಳಸಿದ ಸ್ಪಂಜ್ ತನ್ನಿ.

ಈಗ ಸಂದು. ಕೊಳ್ಳುವವರು ಗಾಜನ್ನು ಬೆರಳಿನಿಂದ ಬಡಿದು ನೋಡುತ್ತಾರೆ, ಆದರೆ ತೊಟ್ಟಿಯ ಆಯುಷ್ಯ ಇರುವುದು ಗಾಜು ಗಾಜು ಕೂಡುವಲ್ಲಿ. ಅಲ್ಲಿ ಎರಡು ಬಗೆಯ ಅಂಟು ಇರುತ್ತದೆ. ಒಂದು, ಒಂದು ಗಾಜಿನ ಅಂಚು ಇನ್ನೊಂದರ ಮೈಗೆ ತಾಗುವ ಸಂದಿನೊಳಗಿನದು. ಭಾರ ಹೊರುವುದು ಇದು. ಇನ್ನೊಂದು, ಒಳಮೂಲೆಯಲ್ಲಿ ಬೆರಳಿನಿಂದ ಎಳೆದ ಪಟ್ಟಿ. ಇದು ಭಾರ ಹೊರುವ ಅಂಟಿಗೆ ನೀರು ಮುಟ್ಟದಂತೆ ಕಾಯುತ್ತದೆ. ನೀವು ಎದ್ದಿದೆ ಎನ್ನುತ್ತಿರುವುದು ಈ ಒಳಪಟ್ಟಿಯಾಗಿದ್ದರೆ ಗಾಬರಿ ಬೇಡ. ಬಿಸಿಲಿಗೆ ಸಿಲಿಕೋನ್ ಸುಲಭಕ್ಕೆ ಕೆಡುವುದಿಲ್ಲ. ಅದನ್ನು ಕೆಡಿಸುವುದು ಪಾಚಿ ಕೆರೆಯುವ ಬ್ಲೇಡು. ಜೊತೆಗೆ ಹಳ್ಳು ತುಂಬಿದ ತೊಟ್ಟಿಯನ್ನು ಇಬ್ಬರು ಎತ್ತಿ ಮಾಳಿಗೆ ಹತ್ತಿಸಿದ ಆ ಒಂದು ದಿನ.

ಹಗಲು ಬೆಳಕಿನಲ್ಲಿ ತೊಟ್ಟಿಯ ಹೊರಗಿನಿಂದ, ಗಾಜಿನ ಅಂಚಿನ ಉದ್ದಕ್ಕೂ ಸಂದಿನೊಳಗೆ ಕಣ್ಣು ಹಾಯಿಸಿ. ಅಂಟು ಹಿಡಿದಿರುವಲ್ಲಿ ಕರ್ರಗೆ ಅಥವಾ ತಿಳಿಯಾಗಿ ಒಂದೇ ಸಮ ಕಾಣುತ್ತದೆ. ಬಿಟ್ಟಿರುವಲ್ಲಿ ಬೆಳ್ಳಿಯಂತೆ ಹೊಳೆಯುವ ಮಬ್ಬು ಮಚ್ಚೆ ಕಾಣುತ್ತದೆ. ಸಾಸಿವೆ ಕಾಳಿನಷ್ಟು ಗುಳ್ಳೆ ಅಲ್ಲೊಂದು ಇಲ್ಲೊಂದು ಇದ್ದರೆ ಇರಲಿ. ಮಚ್ಚೆ ಗಾಜಿನ ದಪ್ಪವನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ದಾಟಿದ್ದರೆ ಆ ತೊಟ್ಟಿ ಬೇಡ, ಪುಕ್ಕಟೆ ಕೊಟ್ಟರೂ ಬೇಡ. ಹಾಗೆಯೇ ಸ್ಕೇಲ್ ಹಿಡಿದು ಗಾಜಿನ ದಪ್ಪ ಅಳೆಯಿರಿ. ಈ ಅಳತೆಗೆ 6 ಎಂಎಂ ಇರಲಿ, ಮೇಲಂಚಿನಲ್ಲಿ ಉದ್ದಕ್ಕೂ ಗಾಜಿನ ಪಟ್ಟಿ ಇರಲಿ. ತಳದ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟುಬಿಡಿ.

ನೀರಿನ ಪರೀಕ್ಷೆಯನ್ನು ಅವರ ಮನೆಯಲ್ಲೇ ಮಾಡಿ, ದುಡ್ಡು ಕೊಡುವ ಮೊದಲೇ. ಸಮತಟ್ಟಾದ ನೆಲದ ಮೇಲೆ ಥರ್ಮೊಕೋಲ್ ಹಾಳೆ, ಅದರ ಮೇಲೆ ಹಳೆ ಪೇಪರ್ ಹಾಸಿ, ಮೇಲೆ ತೊಟ್ಟಿ ಇಡಿ. ಮೂರರಲ್ಲಿ ಒಂದು ಭಾಗ ತುಂಬಿ ಕೆಲವು ಗಂಟೆ ಬಿಡಿ. ಮತ್ತೊಂದು ಭಾಗ, ಮತ್ತೆ ಬಿಡಿ. ಕೊನೆಗೆ ಪೂರ್ತಿ ತುಂಬಿ 48 ಗಂಟೆ. ಸೋರಿಕೆ ಕಣ್ಣಿಗೆ ಬೀಳುವ ಮೊದಲು ಪೇಪರಿನ ಮೇಲೆ ಒದ್ದೆ ಗೆರೆಯಾಗಿ ಬೀಳುತ್ತದೆ. ತುಂಬಿದ ತೊಟ್ಟಿಯನ್ನು ಒಂದಿಂಚೂ ಸರಿಸಬೇಡಿ.

ಒಳಪಟ್ಟಿ ಮಾತ್ರ ಸೋರಿದರೆ ರಿಪೇರಿ ಹೀಗೆ. ಎದ್ದ ಜಾಗಕ್ಕೆ ಮಾತ್ರ ತೇಪೆ ಹಾಕಿದರೆ ನಿಲ್ಲದು, ಏಕೆಂದರೆ ಹೊಸ ಸಿಲಿಕೋನ್ ಒಣಗಿದ ಹಳೆಯದರ ಮೇಲೆ ಹಿಡಿಯುವುದಿಲ್ಲ. ಒಳಪಟ್ಟಿಯನ್ನು ತಳದ ನಾಲ್ಕೂ ಬದಿ, ನಾಲ್ಕೂ ಮೂಲೆ ಪೂರ್ತಿ ಕಿತ್ತು ತೆಗೆಯಿರಿ. ಬ್ಲೇಡನ್ನು ಗಾಜಿಗೆ ಮಲಗಿಸಿ ಓಡಿಸಿ. ಸಂದಿನೊಳಕ್ಕೆ ತೂರಿಸಿದರೆ ಭಾರ ಹೊರುವ ಅಂಟೂ ಕತ್ತರಿಸುತ್ತದೆ. ಉಳಿದ ಜಿಡ್ಡನ್ನು ಔಷಧ ಅಂಗಡಿಯ ಸ್ಪಿರಿಟ್ ಹಚ್ಚಿದ ಅರಿವೆಯಿಂದ ಎರಡು ಸಲ ಒರೆಸಿ, ಒಣಗಲು ಬಿಡಿ. ಆಮೇಲೆ ಅಲ್ಲಿ ಬೆರಳು ತಾಗಿಸಬೇಡಿ. ಮೂಲೆಯಿಂದ 6–7 ಎಂಎಂ ಬಿಟ್ಟು ಎರಡೂ ಬದಿ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದೇ ಎಳೆತದಲ್ಲಿ ಸಿಲಿಕೋನ್ ಹಾಕಿ, ಒದ್ದೆ ಬೆರಳಿನಿಂದ ಒಮ್ಮೆ ಮಾತ್ರ ಸವರಿ. ಮೇಲೆ ಕೆನೆಗಟ್ಟುವ ಮೊದಲೇ, ಅಂದರೆ ಐದು ನಿಮಿಷದೊಳಗೆ, ಟೇಪ್ ಕಿತ್ತುಬಿಡಿ. ತಡವಾದರೆ ಟೇಪಿನ ಜೊತೆ ಪಟ್ಟಿಯೂ ಎದ್ದು ಬರುತ್ತದೆ. ಒಣಗಲು ಒಂದು ವಾರ.

ಯಾವ ಸಿಲಿಕೋನ್ ಎಂಬುದು ಮುಖ್ಯ. ಹಚ್ಚುವಾಗ ವಿನೆಗರ್ ವಾಸನೆ ಬರುವ, ಗಾಜಿಗೆಂದೇ ಮಾಡಿದ, ಬೇರೇನೂ ಬೆರೆಸದ ಟ್ಯೂಬ್ ಕೇಳಿ. ಬಚ್ಚಲು ಮನೆಗೆಂದು ಮಾರುವುದರಲ್ಲಿ ಬೂಸ್ಟು ಬಾರದಂತೆ ಔಷಧ ಕಲಸಿರುತ್ತಾರೆ, ಅದು ಮೀನಿಗೆ ವಿಷ. ನಲ್ಲಿ ಸೋರಿದಾಗ ಮೆತ್ತುವ ಎಂ-ಸೀಲ್ ಕೂಡ ಬೇಡ. ನೀರು ತುಂಬಿದಾಗ ಗಾಜು ತುಸು ಬಾಗುತ್ತದೆ, ಸಿಲಿಕೋನ್ ಅದರ ಜೊತೆ ಹಿಗ್ಗುತ್ತದೆ, ಎಂ-ಸೀಲ್ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ಬಳಿದರೂ ಪ್ರಯೋಜನವಿಲ್ಲ, ನೀರಿನ ಒತ್ತಡ ಅದನ್ನು ಹೊರಕ್ಕೇ ದೂಡುತ್ತಿರುತ್ತದೆ.

ಬೆಲೆಯ ಮಾತು. ಊರಿನ ಗಾಜಿನ ಅಂಗಡಿಯಲ್ಲಿ ಇದೇ ಅಳತೆಯ ಹೊಸ ತೊಟ್ಟಿ ಅಂಟಿಸಿ ಕೊಡಲು ಎಷ್ಟಾಗುತ್ತದೆ ಎಂದು ಕೇಳಿ. ಹಳೆಯದಕ್ಕೆ ಅದರ ಅರ್ಧ, ಸ್ಟ್ಯಾಂಡಿಗೆ ಗುಜರಿ ದರಕ್ಕಿಂತ ಸ್ವಲ್ಪ ಮೇಲೆ. ಉಳಿದ ಸಾಮಾನಿಗೆ ಬೆಲೆಯೇ ಕಟ್ಟಬೇಡಿ. ಏಕೆಂದರೆ ಆ ಹೀಟರ್ ನಿಮಗೆ ಬೇಡ. ವರ್ಷಗಟ್ಟಲೆ ಬಿದ್ದ ಗಾಜಿನ ಹೀಟರಿನ ರಬ್ಬರ್ ಬಿರಟೆ ಒಣಗಿ ಬಿರಿದಿರುತ್ತದೆ. ನೀರು ಒಳಹೊಕ್ಕರೆ ತೊಟ್ಟಿಯ ನೀರಿಗೇ ಕರೆಂಟ್. ಡಿಸೆಂಬರ್–ಜನವರಿಯಲ್ಲಿ ಹೊರಗೆ 15 ಡಿಗ್ರಿ ಹತ್ತಿರ ಇಳಿದರೂ ಮನೆಯೊಳಗಿನ ಇಷ್ಟು ನೀರು 20ರ ಕೆಳಗೆ ಹೋಗುವುದು ಅಪರೂಪ. ಮುಂದೆ ಹೇಳುವ ಮೀನುಗಳಿಗೆ ಅಷ್ಟು ಸಾಕು. ಬಣ್ಣದ ಹಳ್ಳನ್ನೂ ಅಲ್ಲೇ ಬಿಡಿ, ಬಣ್ಣ ಸುಲಿಯುತ್ತದೆ. ಒಂದೂವರೆ ಇಂಚು ಹಾಸಲು 16–17 ಕೆಜಿ ದಪ್ಪ ಉಸುಕು ಸಾಕು, ಮನೆ ಕಟ್ಟುವಲ್ಲಿ ಕೇಳಿದರೆ ಒಂದು ಬುಟ್ಟಿ ಕೊಡುತ್ತಾರೆ. ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆಯಿರಿ. ಒಂದು ಹಿಡಿಗೆ ವಿನೆಗರ್ ಹನಿಸಿ ನೋಡಿ. ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ, ನಿಮ್ಮ ನೀರಿಗೆ ಇನ್ನೂ ಸುಣ್ಣ ಬೇಕಾಗಿಲ್ಲ.

ಸ್ವಚ್ಛ ಮಾಡುವುದು ದೊಡ್ಡ ಕೆಲಸವಲ್ಲ, ಆದರೆ ಸೋಪು, ಪಾತ್ರೆ ತೊಳೆಯುವ ಪುಡಿ ಮುಟ್ಟಿಸಬೇಡಿ. ಬಿಳಿ ಕಲೆಗೆ ಅಡುಗೆಯ ವಿನೆಗರಿನಲ್ಲಿ ಅದ್ದಿದ ಅರಿವೆಯನ್ನು ಅರ್ಧ ಗಂಟೆ ಅಂಟಿಸಿಟ್ಟು ಉಜ್ಜಿ, ನೀರಿನಿಂದ ಚೆನ್ನಾಗಿ ತೊಳೆಯಿರಿ. ಬೇರೆ ದಿನ, ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣ ಒಂದು ಪಾಲಿಗೆ ನೀರು ಇಪ್ಪತ್ತು ಪಾಲು ಬೆರೆಸಿ ಬಳಿದು, 15 ನಿಮಿಷ ಬಿಟ್ಟು, ಮೂರು ಸಲ ತೊಳೆಯಿರಿ. ವಿನೆಗರ್ ಮತ್ತು ಬ್ಲೀಚ್ ಎಂದೂ ಒಟ್ಟಿಗೆ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ. ವರ್ಷ ಒಣಗಿದ ತೊಟ್ಟಿಯಲ್ಲಿ ಬಿಳಿ ಚುಕ್ಕೆ ರೋಗದಂಥ ಪರಾವಲಂಬಿ ಉಳಿದಿರುವುದಿಲ್ಲ. ಕೈಯಲ್ಲಿ ಗಾಯವಿದ್ದರೆ ಮಾತ್ರ ಗ್ಲೌಸ್ ಹಾಕಿ ತೊಳೆಯಿರಿ. ಮೀನಿನ ತೊಟ್ಟಿಯಿಂದ ಬರುವ ಒಂದು ಜಾತಿಯ ಮೈಕೊಬ್ಯಾಕ್ಟೀರಿಯಾ ಗಾಯದ ಮೂಲಕ ಚರ್ಮಕ್ಕೆ ಹತ್ತಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಎಬ್ಬಿಸಬಲ್ಲದು. ರೋಗಕ್ಕಿಂತ ಮುಖ್ಯವಾಗಿ ಮಾಲೀಕರನ್ನು ಕೇಳಬೇಕಾದ್ದು ಇನ್ನೊಂದಿದೆ: ಮಾಳಿಗೆಯ ಮೇಲೆ ಆ ತೊಟ್ಟಿಯ ಸುತ್ತ ಇರುವೆ ಚಾಕ್ ಎಳೆದಿದ್ದರೇ, ಜಿರಳೆ ಸ್ಪ್ರೇ ಹೊಡೆದಿದ್ದರೇ? ಅವುಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ಹೆಚ್ಚು ವಿಷ. ಹೌದು ಎಂದರೆ ಆ ತೊಟ್ಟಿಯ ಆಸೆ ಬಿಡುವುದು ವಾಸಿ.

ಹೊಸದಾಗಿ ಕೊಳ್ಳಬೇಕಾದ್ದು ಸ್ಪಂಜ್ ಫಿಲ್ಟರ್, ಅದಕ್ಕೊಂದು ಏರ್ ಪಂಪ್, ನಡುವೆ ಒಂದು ನಾನ್-ರಿಟರ್ನ್ ವಾಲ್ವ್. ಮೂರೂ ಸೇರಿ ಸುಮಾರು 700–800 ರೂಪಾಯಿಯೊಳಗೆ ಬರುತ್ತವೆ. ಪಂಪ್ 5 ವ್ಯಾಟಿನದಾದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗುವುದಿಲ್ಲ, ಹಗಲು ರಾತ್ರಿ ಓಡಲಿ. ಚಿಲ್ಲರೆ ಬೆಲೆಯ ಆ ವಾಲ್ವನ್ನು ಬಿಟ್ಟು ಬಂದವರೇ ಹೆಚ್ಚು. ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ. ಕರೆಂಟ್ ಬಂದ ಮೇಲೆ ಪಂಪ್ ಸುಟ್ಟಿರುತ್ತದೆ, ನೆಲದ ತುಂಬ ನೀರು. ವಾಲ್ವ್ ಜೊತೆಗೆ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಮೊಳೆಗೆ ತೂಗುಹಾಕಿ. ಸೊಳ್ಳೆ ಬತ್ತಿ ಹಚ್ಚಿದ ಕೋಣೆಯಲ್ಲಿ ಪಂಪ್ ಆ ಹೊಗೆಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದೂ ನೆನಪಿರಲಿ. ಹಾಲ್‌ನಲ್ಲಿ ತೊಟ್ಟಿ ಇದ್ದರೆ ಸೊಳ್ಳೆ ಬತ್ತಿ ಮಲಗುವ ಕೋಣೆಗೆ.

ಅವರ ಹಳೆ ಫಿಲ್ಟರಿನ ವೈರು ಬಿರಿದಿದ್ದರೆ ಎಸೆಯಿರಿ. ಎಲ್ಲ ವೈರುಗಳೂ ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರುವಂತೆ ಇರಲಿ, ಹನಿ ಸಾಕೆಟ್ಟಿಗೆ ಹರಿಯುವುದಿಲ್ಲ. ದೀಪಕ್ಕೆ ಮುಚ್ಚಳದೊಳಗೆ ಒಂದು ಎಲ್‌ಇಡಿ ಟ್ಯೂಬ್, ದಿನಕ್ಕೆ 6–8 ಗಂಟೆ. ಕಿಟಕಿಯ ಬಿಸಿಲು ಬೀಳುವಲ್ಲಿ ಇಟ್ಟರೆ ತಿಂಗಳೊಪ್ಪತ್ತಿನಲ್ಲಿ ಹಸಿರು ನೀರು.

ಒಂದಿಂಚು ಕಡಿಮೆ ತುಂಬಿ, ಉಸುಕು ಕಳೆದರೆ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 88 ಲೀಟರ್. ಗಾಜು, ಉಸುಕು ಸೇರಿ ಸ್ಟ್ಯಾಂಡಿನ ಮೇಲೆ 120 ಕೆಜಿಗೂ ಮೇಲೆ ಭಾರ. ಆರ್‌ಸಿಸಿ ಮನೆಗೆ ಇದು ಲೆಕ್ಕಕ್ಕಿಲ್ಲ. ಜಂತಿ ಮಾಳಿಗೆಯ ಹಳೆ ಮನೆಯಾದರೆ ಮೇಲಂತಸ್ತಿನಲ್ಲಿ ಇಡಬೇಡಿ.

ನಿಮ್ಮ ನೀರಿನ ಪರಿಸ್ಥಿತಿ ಒಂದು ರೀತಿ ಅನುಕೂಲವೇ. ಹುಬ್ಬಳ್ಳಿಗೆ ಬರುವ ಮಲಪ್ರಭೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ತೆರೆದ ಬಕೆಟ್ ಅಥವಾ ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ. ನಾಲ್ಕೈದು ದಿನ ತುಂಬಿಟ್ಟು ಬಳಸುವ ಮನೆಯಲ್ಲಿ ಅಪಾಯದ ದಿನ ಒಂದೇ, ನಳ ಬಂದ ದಿನ. ಅಂದು ಹೊಸ ನೀರು ಟಾಕಿಗೆ ಬಿದ್ದಿರುತ್ತದೆ, ನೀರು ಧಾರಾಳವಾಗಿ ಸಿಕ್ಕಿತೆಂದು ಜನ ಅಂದೇ ತೊಟ್ಟಿಯ ನೀರು ಬದಲಿಸುತ್ತಾರೆ. ನೀವು ನಳ ಬರುವ ಹಿಂದಿನ ದಿನ ಬದಲಿಸಿ. ದಿನಪೂರ್ತಿ ನೀರಿರುವ ವಾರ್ಡಿನವರಿಗೆ ಈ ಸೌಲಭ್ಯವಿಲ್ಲ, ಅವರು ಪ್ರತಿ ಸಲವೂ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ಹಾಕಬೇಕು. ಮಾಮೂಲಿ ನಳದ ನೀರಿಗೆ 100 ಲೀಟರಿಗೆ ಒಂದು ಗ್ರಾಂ ಸಾಕು.

ಬೋರಿನ ನೀರು ಮೀನಿಗೆ ಆಗದು ಎಂಬುದು ಸುಳ್ಳು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಗಡಸು ನೀರೇ ಒಗ್ಗುತ್ತದೆ. ಕೆಡುವುದು ಒಂದು ವಾರ ನಳದ್ದು, ಮರುವಾರ ಬೋರಿನದ್ದು ಎಂದು ಸಿಕ್ಕಿದ್ದನ್ನು ಸುರಿದಾಗ. ಯಾವುದಾದರೂ ಒಂದು, ಇಲ್ಲವೇ ಎರಡನ್ನೂ ಸಮಪಾಲು, ಪ್ರತಿಸಲವೂ ಅದೇ ಅಳತೆ. ಕ್ಯಾನಿನಲ್ಲಿ ಬರುವ ಆರ್‌ಒ ನೀರನ್ನು ಮಾತ್ರ ತುಂಬುವುದು ಇನ್ನೊಂದು ತಪ್ಪು. ಖನಿಜವಿಲ್ಲದ ಆ ನೀರಿನಲ್ಲಿ ಪಿಎಚ್ ಯಾವಾಗ ಕುಸಿಯುತ್ತದೆ ಹೇಳಲಾಗದು.

ಹೂಡಿದ ಮೇಲೆ ಮೀನಿಲ್ಲದೆ ಪಂಪ್ ಓಡಿಸುತ್ತ, ದಿನ ಬಿಟ್ಟು ದಿನ ಒಂದು ಚಿಟಿಕೆ ಮೀನಿನ ತಿಂಡಿ ಉದುರಿಸಿ. ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ಕಡಿಮೆಯೆಂದರೆ ಒಂದು ತಿಂಗಳು ಹೀಗೆ. ನಡುವೆ ನೀರು ಮಬ್ಬಾದರೆ ಬದಲಿಸಬೇಡಿ, ತಾನೇ ತಿಳಿಯಾಗುತ್ತದೆ. ಪರಿಚಯದವರಿಂದ ಹಸಿ ಸ್ಪಂಜ್ ಸಿಕ್ಕರೆ ಈ ಕಾಲ ಒಂದೆರಡು ವಾರಕ್ಕೆ ಇಳಿಯುತ್ತದೆ. ಒದ್ದೆಯಾಗಿಯೇ ತರಬೇಕು, ಒಣಗಿದರೆ ಅದು ಬರೀ ಸ್ಪಂಜ್. ದುಡ್ಡು ಉಳಿದರೆ ಹನಿ ಹಾಕಿ ನೋಡುವ ಅಮೋನಿಯಾ ಕಿಟ್ ಕೊಳ್ಳಿ. ಹೀಟರಿಗಿಂತ ಅದರ ಉಪಯೋಗ ಹೆಚ್ಚು.

ಮಗಳು ಕಾಯಲಾರಳು ಎಂದರೆ ಇನ್ನೊಂದು ದಾರಿಯಿದೆ, ಅಪಾಯ ತಿಳಿದೇ ಹಿಡಿಯಬೇಕು: ಐದು ಗಪ್ಪಿ ಮಾತ್ರ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ, ಅದೂ ದಿನಕ್ಕೊಮ್ಮೆ, ವಾರಕ್ಕೆರಡು ಸಲ ಒಂದು ದೊಡ್ಡ ಬಕೆಟ್, ಅಂದರೆ 22 ಲೀಟರ್, ನೀರು ಬದಲಿಸಬೇಕು. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಹಾಕಿದರೆ ನೈಟ್ರೈಟಿನ ಏಟು ತಗ್ಗುತ್ತದೆ. ಬದಲಿಸಿ ಹಾಕುವ ನೀರಿಗೂ ಅದೇ ಲೆಕ್ಕದ ಉಪ್ಪು. ಮೀನು ಮೇಲೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಂದೇ ನೀರು ಬದಲಿಸಿ, ಔಷಧ ಹುಡುಕಲು ಹೋಗಬೇಡಿ. ಸ್ಪಂಜನ್ನು ತಿಂಗಳಿಗೊಮ್ಮೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ನಳದಡಿ ತೊಳೆದರೆ ತಿಂಗಳ ಗಳಿಕೆ ಮೋರಿಗೆ.

ಗೋಲ್ಡ್‌ಫಿಶ್ ಬಗ್ಗೆ ಮಗಳಿಗೆ ನಿರಾಸೆ ಆಗಬಹುದು. ಅದು ಬಹಳ ತಿನ್ನುವ, ಬಹಳ ಹೇಲುವ ಮೀನು. 88 ಲೀಟರಿನಲ್ಲಿ ಎರಡಕ್ಕೆ ಮಾತ್ರ ಜಾಗ, ಅದೂ ತೊಟ್ಟಿ ಪಳಗಿದ ಮೇಲೆ, ಬೇರೆ ಮೀನಿಲ್ಲದೆ. ಎಂಟು ಬಂಗಾರ ಬಣ್ಣದ್ದು ಒಂದು ಕಪ್ಪು ಎಂಬ ವಾಸ್ತು ಲೆಕ್ಕಕ್ಕೆ ಈ ತೊಟ್ಟಿ ಸಾಲದು. ಬಣ್ಣವೇ ಬೇಕಿದ್ದರೆ ಗಂಡು ಗಪ್ಪಿಗಳನ್ನಷ್ಟೇ ಹತ್ತು ತನ್ನಿ. ಒಂದು ಹೆಣ್ಣು ಬಂದರೂ ಕೆಟ್ಟಿತು. ಅಂಗಡಿಯಲ್ಲೇ ಗಂಡಿನ ಜೊತೆ ಇದ್ದು ಬಂದಿರುತ್ತದೆ, ಆ ವೀರ್ಯವನ್ನು ಮೈಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಮರಿ ಹಾಕುತ್ತಿರುತ್ತದೆ. ಶಾರ್ಕ್ ಎಂದು ಮಾರುವ ಬೆರಳುದ್ದದ ಬೆಳ್ಳಿ ಮೀನು ಪಂಗಾಸಿಯಸ್ ಜಾತಿಯದು, ಬೆಳೆದರೆ ಮೂರಡಿ ದಾಟುತ್ತದೆ, ನಿಮ್ಮ ತೊಟ್ಟಿಗಿಂತ ಉದ್ದ. ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆ ಎಂಬ ಅಂಗಡಿಯ ಸಮಾಧಾನವನ್ನು ನಂಬಬೇಡಿ. ಇಕ್ಕಟ್ಟಿನಲ್ಲಿ ಮೀನು ಕುಗ್ಗಿ ಬೇಗ ಸಾಯುತ್ತದೆ, ಅಷ್ಟೇ.

ಕೊನೆಗೆ ಆ ಪುಕ್ಕಟೆ ಸಕ್ಕರ್. ಅದು ಪಾಚಿ ತಿಂದು ತೊಟ್ಟಿ ಸ್ವಚ್ಛ ಮಾಡುತ್ತದೆ ಎಂಬುದು ಚಿಕ್ಕದಿರುವಾಗ ಅರ್ಧ ನಿಜ. ದೊಡ್ಡದಾದ ಮೇಲೆ ಅದರ ಹಿಕ್ಕೆಯನ್ನೇ ನೀವು ಸ್ವಚ್ಛ ಮಾಡಬೇಕು, ಒಂದೂವರೆ ಅಡಿಯವರೆಗೆ ಬೆಳೆಯುವ ಪ್ರಾಣಿ ಅದು. ಒಂದಡಿ ಅಗಲದ ತೊಟ್ಟಿಯಲ್ಲಿ ತಿರುಗಲೂ ಜಾಗವಿರುವುದಿಲ್ಲ. ಬೇಡವೆಂದುಬಿಡಿ. ಬೇಡವಾಯಿತೆಂದು ಅವರು ಅದನ್ನು ಉಣಕಲ್ ಕೆರೆಗೋ ಹಳ್ಳಕ್ಕೋ ಬಿಡಲು ಹೊರಟರೆ ತಡೆಯಿರಿ. ದಕ್ಷಿಣ ಅಮೆರಿಕದ ಈ ಮೀನು ಹೀಗೆ ಬಿಟ್ಟಲ್ಲೆಲ್ಲ ಬೇರೂರಿ, ದಡ ಕೊರೆದು, ನಮ್ಮ ಮೀನಿನ ಮೊಟ್ಟೆ ಮೇವಿಗೆಲ್ಲ ಪಾಲುದಾರನಾಗಿದೆ, ಮೀನುಗಾರರ ಬಲೆಯನ್ನೂ ಹರಿಯುತ್ತದೆ. ತಂದ ಅಂಗಡಿಗೇ ವಾಪಸು ಕೊಡಲಿ, ಅಥವಾ ದೊಡ್ಡ ಸಿಮೆಂಟ್ ತೊಟ್ಟಿ ಇರುವವರಿಗೆ. ಅಲ್ಲಿಯವರೆಗೆ ಅವರ ಸಂಪಿನಲ್ಲೇ ಇರಲಿ.